ನಡುವಯಸ್ಸಿಗೊಂದು ಹಳೆಯ ಫಟಫಟಿ

ನಲವತ್ತೈದು ದಾಟಿದ ಗೃಹಸ್ಥನಿಗೆ ಹೊಸ ಹವ್ಯಾಸಗಳು ಅಂಟಿಕೊಳ್ಳುವುದು ಲೋಕರೂಢಿ. ಒಬ್ಬರು ಯೋಗಾಸನಕ್ಕೆ ತೊಡಗುತ್ತಾರೆ; ಇನ್ನೊಬ್ಬರು ಹಿತ್ತಲಿನಲ್ಲಿ ಗುಲಾಬಿ ನೆಡುತ್ತಾರೆ. ಮೂರನೆಯವರು ಮಾತ್ರ, ಮಗನ ಕಾಲೇಜಿನ ಶುಲ್ಕ ಕಟ್ಟಿ ಬಂದ ಸಂಜೆಯೇ, ತಾರುಣ್ಯದಲ್ಲಿ ಕೊಳ್ಳಲಾಗದೆ ಹೋದ ಮೋಟಾರು ಸೈಕಲ್ಲಿನ ವಿಚಾರವನ್ನು ಮನೆಯಲ್ಲಿ ಮೆಲ್ಲಗೆ ಎತ್ತುತ್ತಾರೆ. “ಈ ವಯಸ್ಸಿನ್ಯಾಗ ಇದೇನ್ರೀ?” ಎಂಬ ಪ್ರಶ್ನೆ ಅಡಿಗೆಮನೆಯಿಂದ ಬಂದೇ ಬರುತ್ತದೆ. ಅದನ್ನು ನಗೆಯಲ್ಲಿ ತೇಲಿಸಿಬಿಡುವುದು ಸರಿಯಲ್ಲ. ಸಂಸಾರದ ಹಣವೂ ಸವಾರನ ಪ್ರಾಣವೂ ಅದರಲ್ಲಿ ಅಡಗಿವೆ.

ಕನ್ನಡ ನಾಡಿನಲ್ಲಿ ಈ ಮೋಹಕ್ಕಿರುವ ಹೆಸರುಗಳಲ್ಲಿ ಮೊದಲನೆಯದು ಯೆಜ್ಡಿ. 1929ರಲ್ಲಿ ಜೆಕೊಸ್ಲೊವಾಕಿಯಾದಲ್ಲಿ ಹುಟ್ಟಿದ ಜಾವಾ ಮೋಟಾರು ಸೈಕಲ್ಲು, 1960ರ ದಶಕದ ಆರಂಭದಲ್ಲಿ ಐಡಿಯಲ್ ಜಾವಾ ಕಾರ್ಖಾನೆಯ ಮೂಲಕ ಮೈಸೂರಿನ ಮಗುವಾಯಿತು. ಮುಂದೆ 1970ರ ದಶಕದಲ್ಲಿ ಅದೇ ಕಾರ್ಖಾನೆಯ ಗಾಡಿಗಳಿಗೆ ಯೆಜ್ಡಿ ಎಂದು ನಾಮಕರಣವಾಯಿತು. 1978ರಲ್ಲಿ ಬಂದ ರೋಡ್‌ಕಿಂಗ್ ಆ ಮನೆತನದಲ್ಲೇ ಚುರುಕಾದುದು: 250 ಸಿ.ಸಿ. ವರ್ಗದ ಎರಡು ಸ್ಟ್ರೋಕಿನ ಎಂಜಿನು, 16 ಅಶ್ವಶಕ್ತಿ, ಸಿಲಿಂಡರು ಒಂದೇ ಆದರೂ ಹೊಗೆಕೊಳವೆ ಎರಡು. ಗೇರು ಬದಲಿಸುವ ಸನ್ನೆಯನ್ನೇ ತಿರುಗಿಸಿ ಒದ್ದರೆ ಗಾಡಿ ಹೊತ್ತಿಕೊಳ್ಳುವ ಜಾಣ ಏರ್ಪಾಡು ಬೇರೆ. 1996ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು. ಇಂದು ನಲವತ್ತೆಂಟರ ಆಸುಪಾಸಿನಲ್ಲಿರುವವರು ಆಗ ತಾನೇ ಕಾಲೇಜಿನ ಮೆಟ್ಟಿಲು ಹತ್ತಿದ್ದರು. ಹೆಸರುಗಳೇನೋ ಮರಳಿ ಬಂದಿವೆ. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ. ಆದರೆ ಅವು ನಾಲ್ಕು ಸ್ಟ್ರೋಕಿನ ಹೊಸ ಯಂತ್ರಗಳು. ಅವುಗಳ ಎಂಜಿನಿನ ಬಿಡಿಭಾಗಗಳು ಹಳೆಯದಕ್ಕೆ ಹೊಂದುವುದಿಲ್ಲ.

ಅಂದಮೇಲೆ ಅತಿ ಕಿರಿಯ ರೋಡ್‌ಕಿಂಗಿಗೂ ಈಗ ಸುಮಾರು ಮೂವತ್ತರ ಪ್ರಾಯ. ಕೊಳ್ಳುವವನು ಮೊದಲು ನೋಡಬೇಕಾದುದು ಬಣ್ಣವನ್ನಲ್ಲ, ಕಾಗದವನ್ನು. ಮೋಟಾರು ವಾಹನ ಕಾನೂನಿನಂತೆ ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ತಪಾಸಣೆಗೊಳಪಟ್ಟು 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಅದು ನಡೆದಿದೆಯೇ? ಚಾಸಿಸ್ಸಿನ ಮೇಲೂ ಎಂಜಿನಿನ ಮೇಲೂ ಕೊರೆದಿರುವ ಸಂಖ್ಯೆಗಳು ಪುಸ್ತಕದೊಡನೆ ಅಕ್ಷರಶಃ ತಾಳೆಯಾಗುತ್ತವೆಯೇ? ಮಾಲೀಕತ್ವದ ವರ್ಗಾವಣೆಗೆ 29 ಮತ್ತು 30ನೆಯ ನಮೂನೆಗಳು ಬೇಕು. ಗಾಡಿ ನೆರೆಯ ರಾಜ್ಯದ್ದಾಗಿದ್ದರೆ ಅಲ್ಲಿನ ಕಚೇರಿಯ ನಿರಾಕ್ಷೇಪಣಾ ಪತ್ರವೂ ಬೇಕು. ಕೊಲ್ಲಾಪುರವೂ ಗೋವೆಯೂ ಹತ್ತಿರವಿರುವ ಬೆಳಗಾವಿಯಲ್ಲಿ ಈ ಮಾತನ್ನು ಒತ್ತಿ ಹೇಳಬೇಕಾಗುತ್ತದೆ. ಕಾಗದವಿಲ್ಲದ ಗಾಡಿ ಎಷ್ಟು ಅಗ್ಗವಾದರೂ ಕೊನೆಗೆ ಅಂಗಳದ ಅಲಂಕಾರವೇ ಸರಿ.

ತರುವಾಯ ಯಂತ್ರದ ಪರೀಕ್ಷೆ. ಹೋದೊಡನೆ ಎಂಜಿನಿನ ಮೇಲೆ ಕೈಯಿಟ್ಟು ನೋಡಿ. ಅದು ಆಗಲೇ ಬೆಚ್ಚಗಿದ್ದರೆ ತಣ್ಣಗಾಗುವವರೆಗೆ ಚಹಾ ಕುಡಿಯುತ್ತ ಕಾಯಿರಿ. ತಣ್ಣನೆಯ ಎಂಜಿನು ಹೇಗೆ ಹೊತ್ತುತ್ತದೆಂಬುದೇ ಅದರ ಆರೋಗ್ಯದ ಮೊದಲ ಸಾಕ್ಷಿ. ಎರಡು ಸ್ಟ್ರೋಕಿನ ಗಾಡಿ ಆರಂಭದಲ್ಲಿ ಹೊಗೆಯುಗುಳುವುದು ಸಹಜ. ಬಿಸಿಯಾದ ಮೇಲೂ ದಟ್ಟವಾದ ಬಿಳಿ ಹೊಗೆ ನಿಲ್ಲದಿದ್ದರೆ, ಕ್ರ್ಯಾಂಕಿನ ಸೀಲು ಸವೆದು ಗೇರುಪೆಟ್ಟಿಗೆಯ ಎಣ್ಣೆ ಒಳಗೆ ಸೇರುತ್ತಿರಬಹುದು. ಕೆಳಗಿನಿಂದ ಟಕಟಕ ಸದ್ದು ಕೇಳಿಸಿದರೆ ಬೇರಿಂಗು ಸವೆದಿದೆಯೆಂದು ಶಂಕಿಸಿ. ಪೆಟ್ರೋಲಿನ ಟ್ಯಾಂಕಿನೊಳಗೆ ಬೆಳಕು ಬಿಟ್ಟು ತುಕ್ಕನ್ನು ನೋಡಿ. ಸಾಧ್ಯವಾದರೆ ತಿಳಿದ ಮೆಕ್ಯಾನಿಕರೊಬ್ಬರನ್ನು ಜತೆಗೆ ಕರೆದೊಯ್ಯಿರಿ. ಅವರಿಗೆ ಕೊಡುವ ಕೂಲಿ ದಂಡವಾಗದು.

ದುರಸ್ತಿಯ ಮಟ್ಟಿಗೆ ಬೆಳಗಾವಿಯವರು ಭಾಗ್ಯಶಾಲಿಗಳು. ಖಾನಾಪುರ ರಸ್ತೆಯ ಉದ್ಯಮಬಾಗದಲ್ಲಿ ಎರಕದ ಕಾರ್ಖಾನೆಗಳೂ ಲೇತುಗಳೂ ಸಾಲಾಗಿವೆ. ಲೋಹವನ್ನು ಅಳೆದು ಕೊರೆಯುವ ಕೈಗಳಿಗೆ ಈ ಊರಿನಲ್ಲಿ ಬರವಿಲ್ಲ. ಸವೆದ ಸಿಲಿಂಡರನ್ನು ಬೋರು ಮಾಡಿಸಿ ತುಸು ದೊಡ್ಡ ಪಿಸ್ಟನ್ನು ಕೂಡಿಸಬಹುದು. ಕ್ರ್ಯಾಂಕನ್ನು ಬಿಚ್ಚಿ ಹೊಸ ಬೇರಿಂಗು ಹಾಕಿ ಮತ್ತೆ ಸಮಕ್ಕೆ ತರಬಹುದು. ಆದರೆ ಇದೆಲ್ಲ ಒಂದೇ ಸಲದ ಖರ್ಚೆಂದು ಭ್ರಮಿಸಬಾರದು. ಕೊಂಡ ಬೆಲೆ ಮೊದಲನೆಯ ಕಂತು ಮಾತ್ರ. ಬೆಲೆಯ ಮೂರನೆಯ ಒಂದು ಪಾಲನ್ನಾದರೂ ಪಕ್ಕಕ್ಕಿಡಲು ಶಕ್ತಿಯಿಲ್ಲದಿದ್ದರೆ ಕೊಳ್ಳದಿರುವುದೇ ಲೇಸು. ಈ ಲೆಕ್ಕವನ್ನು ಮನೆಯೊಡತಿಯ ಮುಂದೆ ಮೊದಲೇ ಬಿಚ್ಚಿಟ್ಟರೆ ಮುಂದಿನ ಎಷ್ಟೋ ಕಲಹಗಳು ತಪ್ಪುತ್ತವೆ.

ನಿತ್ಯದ ಆರೈಕೆಯೂ ಉಂಟು. ಈ ಗಾಡಿಗೆ ಪೆಟ್ರೋಲಿನೊಡನೆಯೇ ಎಣ್ಣೆಯನ್ನು ಬೆರೆಸಬೇಕು. ಲೀಟರಿಗೆ ಸಾಮಾನ್ಯವಾಗಿ 30ರಿಂದ 40 ಮಿಲಿಲೀಟರು. ಕಡಮೆಯಾದರೆ ಪಿಸ್ಟನ್ನು ಹಿಡಿದುಕೊಳ್ಳುತ್ತದೆ. ಹೆಚ್ಚಾದರೆ ಪ್ಲಗ್ಗು ಮಸಿ ಹಿಡಿಯುತ್ತದೆ, ಸೈಲೆನ್ಸರು ಕಟ್ಟಿಕೊಳ್ಳುತ್ತದೆ. ಈಗಿನ ಪೆಟ್ರೋಲಿನಲ್ಲಿ 20 ಪ್ರತಿಶತದವರೆಗೆ ಎಥನಾಲ್ ಬೆರೆತಿರುತ್ತದೆ. ಅದು ಹಳೆಯ ರಬ್ಬರು ಕೊಳವೆಗಳನ್ನು ಕೆಡಿಸುತ್ತದೆ, ಗಾಳಿಯ ತೇವವನ್ನು ಹೀರುತ್ತದೆ. ಖಾನಾಪುರದ ಕಡೆಯ ಮಳೆಗಾಲವನ್ನು ಬಲ್ಲವರಿಗೆ ತೇವವೆಂದರೇನೆಂದು ವಿವರಿಸಬೇಕಿಲ್ಲ. ಆದಕಾರಣ ವಾರಗಟ್ಟಲೆ ಓಡಿಸದಿರುವಾಗ ಕಾರ್ಬೊರೇಟರನ್ನು ಬರಿದು ಮಾಡಬೇಕು. ಪಾಯಿಂಟುಗಳನ್ನು ಒರೆಸಿ ಒಣಗಿಸಬೇಕು. ಸರಪಳಿಗೆ ಪೂರ್ತಿ ಮುಚ್ಚಿದ ಕವಚವಿರುವುದರಿಂದ ಕೆಸರಿನ ಕಾಟ ಕಡಮೆ. ಹಾಗೆಂದು ಅದರ ಬಿಗಿಯನ್ನು ಮರೆಯಬಾರದು.

ಇನ್ನು ಸವಾರಿ. ಬೆಳಗಾವಿಯಿಂದ ಖಾನಾಪುರಕ್ಕೆ ಸುಮಾರು 26 ಕಿಲೋಮೀಟರು. ಪೀರನವಾಡಿ, ಮಚ್ಛೆ ದಾಟಿ ಮಲಪ್ರಭೆಯ ದಡಕ್ಕೆ ಹೋಗಿಬರುವುದು ಹೊಸದಾಗಿ ಕಟ್ಟಿದ ಎಂಜಿನಿಗೂ ಬಹುಕಾಲ ಸವಾರಿ ಬಿಟ್ಟ ಮೈಗೂ ತಕ್ಕ ವ್ಯಾಯಾಮ. ಮೊದಲ ಐನೂರು ಕಿಲೋಮೀಟರು ಎಂಜಿನನ್ನು ದುಡಿಸದೆ ಮೆಲ್ಲಗೆ ಸಾಗಿರಿ. ಜಾಂಬೋಟಿ, ಕಣಕುಂಬಿಗಳ ಮಾರ್ಗವಾಗಿ ಚೋರ್ಲಾ ಘಾಟಿಗಿಳಿಯುವ ಆಸೆಯಿದ್ದವರು ಒಂದು ಸೂಕ್ಷ್ಮವನ್ನು ಅರಿತಿರಬೇಕು. ಈ ಎಂಜಿನಿಗೆ ಎಣ್ಣೆ ಬರುವುದು ಪೆಟ್ರೋಲಿನ ಜತೆಗೇ. ಉದ್ದನೆಯ ಇಳಿಜಾರಿನಲ್ಲಿ ಎಕ್ಸಲರೇಟರನ್ನು ಪೂರ್ತಿ ಮುಚ್ಚಿ ಗೇರಿನ ಹಿಡಿತದಲ್ಲೇ ಇಳಿದರೆ, ಪಿಸ್ಟನ್ನು ಓಡುತ್ತಿರುತ್ತದೆ, ಎಣ್ಣೆ ಮಾತ್ರ ತಲಪುವುದಿಲ್ಲ. ಆಗಾಗ ಸ್ವಲ್ಪ ತೆರೆದು ಮುಚ್ಚುವುದೇ ಇದಕ್ಕೆ ಮದ್ದು.

ಯಂತ್ರಕ್ಕಿಂತ ಮುಖ್ಯವಾದ ಮಾತೊಂದುಂಟು. ಗಾಡಿಯ ಡ್ರಮ್ ಬ್ರೇಕು ಇಂದಿನ ಡಿಸ್ಕ್ ಬ್ರೇಕಿನಷ್ಟು ಬೇಗ ನಿಲ್ಲಿಸದು. ಸವಾರನ ಕಣ್ಣೂ ಕೈಯೂ ಇಪ್ಪತ್ತರಲ್ಲಿದ್ದಷ್ಟು ಚುರುಕಲ್ಲ. ಎರಡು ನಿಧಾನಗಳು ಕೂಡಿದಲ್ಲಿ ಅಪಾಯ ಇಮ್ಮಡಿಸುತ್ತದೆ. ಹಳೆಯ ಗಾಡಿಗಳ 6 ವೋಲ್ಟಿನ ದೀಪವಂತೂ ಎದುರಿನ ಲಾರಿಯ ಬೆಳಕಿನ ಮುಂದೆ ಹಣತೆಯಂತೆ ಕಾಣುತ್ತದೆ. ಆದುದರಿಂದ ಒಳ್ಳೆಯ ಶಿರಸ್ತ್ರಾಣ, ಹೊಸ ಟೈರು, ಹೊಸ ಬ್ರೇಕ್ ಶೂ ಇವು ಮೂರೂ ಬಣ್ಣಕ್ಕಿಂತ ಮೊದಲು ಬರಲಿ. ದೀಪ ಹಚ್ಚುವ ಹೊತ್ತಿಗೆ ಸವಾರನು ಮನೆಯಲ್ಲಿರಲಿ. ವೇಗಕ್ಕಾಗಿ ಈ ಗಾಡಿಯನ್ನು ಕೊಳ್ಳುವವನಿಗೆ ನಿರಾಶೆಯೂ ನೋವೂ ಕಟ್ಟಿಟ್ಟದ್ದು. ಹೋದ ಪ್ರಾಯವನ್ನು ಯಾವ ಲೇತೂ ಮರಳಿ ಕಡೆದುಕೊಡಲಾರದು. ಆದರೆ ಭಾನುವಾರದ ಬೆಳಿಗ್ಗೆ ಎರಡು ಗಂಟೆ ಕುಳಿತು, ಒಂದು ಯಂತ್ರವನ್ನು ಕೈಯಾರೆ ಬಿಚ್ಚಿ, ತೊಳೆದು, ಮತ್ತೆ ಜೋಡಿಸಿ, ಅದು ಹೊತ್ತಿಕೊಂಡಾಗ ಸಂತೋಷಪಡಬಲ್ಲವನಿಗೆ ಇದಕ್ಕಿಂತ ಒಳ್ಳೆಯ ಸಂಗಾತಿ ಅಪರೂಪ. ಪಕ್ಕದಲ್ಲಿ ಸ್ಪಾನರು ಹಿಡಿದು ನಿಲ್ಲಲು ಮಗಳೋ ಮಗನೋ ಬಂದರಂತೂ ಆ ಎರಡು ಗಂಟೆಗಳಿಗೆ ಬೆಲೆ ಕಟ್ಟಲಾಗದು.

ಅಷ್ಟು ಪುರಸತ್ತಾಗಲಿ ತಾಳ್ಮೆಯಾಗಲಿ ಇಲ್ಲವೆಂದು ಕೊಂಡ ಮೇಲೆ ತೋರಿದರೆ, ಗಾಡಿಗೆ ಬಟ್ಟೆ ಹೊದಿಸಿ ಮೂಲೆಗಿಡಬೇಡಿ. ನಿಂತ ಗಾಡಿಗೆ ತುಕ್ಕು ಬೇಗ ಹಿಡಿಯುತ್ತದೆ. ಓಡಿಸಬಲ್ಲ ಇನ್ನೊಬ್ಬರಿಗೆ, ಕಾಗದಪತ್ರಗಳ ಸಮೇತ, ಕೊಟ್ಟುಬಿಡಿ.