ಉಕ್ಕಿನ ಯಜಮಾನರು, ಚೆಂಡಿನ ತಂಡಗಳು

ಕಾರ್ಖಾನೆ ತಂಡ ಎಂದರೇನೆಂದು ಭದ್ರಾವತಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಆಟಗಾರನಿಗೆ ಕ್ರೀಡಾ ಕೋಟಾದಲ್ಲಿ ನೌಕರಿ, ಬೆಳಿಗ್ಗೆ ಹಾಜರಿ, ಸಂಜೆ ಮೈದಾನ. ಇಂಥ ತಂಡಕ್ಕೆ ಮಾಲೀಕನೆಂಬ ಮನುಷ್ಯ ಇರುವುದಿಲ್ಲ, ಆಡಳಿತ ಮಂಡಳಿ ಇರುತ್ತದೆ. ಯಾರನ್ನು ಆಡಿಸಬೇಕೆಂದು ಅದು ಕೇಳುವುದಿಲ್ಲ, ಸೋತರೂ ಕೇಳುವುದಿಲ್ಲ. ಆದರೆ ಕಾರ್ಖಾನೆಗೆ ಜ್ವರ ಬಂದರೆ ಮೊದಲು ಒಣಗುವುದು ಮೈದಾನವೇ. 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಕಾರ್ಖಾನೆ 1998ರಲ್ಲಿ ಉಕ್ಕಿನ ಸರ್ಕಾರಿ ಕಂಪನಿ ಸೇಲ್‌ನಲ್ಲಿ ವಿಲೀನವಾಯಿತು. 2023ರ ಜನವರಿಯಲ್ಲಿ ಅದನ್ನು ಮುಚ್ಚುವ ನಿರ್ಧಾರವೂ ದೂರದಿಂದಲೇ ಬಂತು.

ಹೀಗೆ ಕೈಹಾಕದ ಯಜಮಾನಿಕೆಗೆ ಒಳ್ಳೆಯ ಉದಾಹರಣೆ ಬೆಂಗಳೂರಿನ ಎಚ್‌ಎಎಲ್. ವಿಮಾನ ಕಟ್ಟುವ ಈ ಸರ್ಕಾರಿ ಕಂಪನಿಯ ಫುಟ್‌ಬಾಲ್ ತಂಡ ಐ-ಲೀಗ್‌ನಲ್ಲಿ ಆಡುತ್ತಿತ್ತು. 2011–12ರ ನಂತರ ತಂಡ ಆ ಲೀಗ್‌ನಿಂದ ಹೊರಬಿತ್ತು.

2013ರಲ್ಲಿ ಬಂದ ಬೆಂಗಳೂರು ಎಫ್‌ಸಿಯ ಯಜಮಾನರೂ ಉಕ್ಕಿನವರೇ, ತೋರಣಗಲ್ಲಿನ ಜೆಎಸ್‌ಡಬ್ಲ್ಯು. ಕೋಚ್ ಆಷ್ಲಿ ವೆಸ್ಟ್‌ವುಡ್‌ಗೆ ಅವರು ಮೂರು ವರ್ಷ ಕೊಟ್ಟರು. ಎರಡು ಐ-ಲೀಗ್ ಪ್ರಶಸ್ತಿ ಬಂದವು. ಶಿವಮೊಗ್ಗದ ಹುಡುಗರೂ ಟಿವಿ ಮುಂದೆ ಕೂತು ನಮ್ಮ ತಂಡ ಎನ್ನುವುದು ಇದನ್ನೇ.

2016ರ ಅಕ್ಟೋಬರ್‌ನಲ್ಲಿ ಎಎಫ್‌ಸಿ ಕಪ್ ಸೆಮಿಫೈನಲ್‌ಗಾಗಿ ಕಂಠೀರವಕ್ಕೆ ಬಂದಿದ್ದು ಮಲೇಷ್ಯಾದ ಜೊಹೋರ್ ತಂಡ, ಹಿಂದಿನ ವರ್ಷದ ಚಾಂಪಿಯನ್. ಮೊದಲು ಗೋಲು ಹೊಡೆದದ್ದೂ ಅದೇ. ಆಮೇಲೆ ಸುನಿಲ್ ಚೆಟ್ರಿ ಎರಡು, ಹುವಾನನ್ ಒಂದು: 3–1. ಸೋತ ತಂಡದ ಯಜಮಾನ ಜೊಹೋರ್‌ನ ಯುವರಾಜ, ತಂಡದ ಎಲ್ಲದರಲ್ಲೂ ಕೈಯಾಡಿಸುವವನೆಂದೇ ಹೆಸರಾದವನು. ಮೂಗು ತೂರಿಸುವವನ ತಂಡ ಮುಳುಗುತ್ತದೆಂಬ ಮಾತಿಗೆ ಆ ರಾತ್ರಿ ಸಾಕ್ಷಿಯಂತಿತ್ತು. ಸಾಕ್ಷಿ ನಿಲ್ಲಲಿಲ್ಲ: ಮಲೇಷ್ಯಾ ಲೀಗ್ 2014ರಿಂದ ಜೊಹೋರ್ ಕೈಯಿಂದ ಜಾರಿಯೇ ಇಲ್ಲ. ಆ ಯುವರಾಜ ಕೈಯಾಡಿಸಿದ್ದಷ್ಟೇ ಅಲ್ಲ, ಕ್ರೀಡಾಂಗಣವನ್ನೂ ಕಟ್ಟಿಸಿದ. ಕಂಠೀರವ ಇಂದಿಗೂ ಸರ್ಕಾರದ್ದು.

ಬೆಂಗಳೂರಿನ ಯಜಮಾನರ ತಾಳ್ಮೆ ಬದಲಾದದ್ದು 2021ರಲ್ಲಿ. 2019ರ ಮಾರ್ಚ್‌ನಲ್ಲಿ ಐಎಸ್‌ಎಲ್ ಗೆಲ್ಲಿಸಿದ ಕಾರ್ಲೆಸ್ ಕ್ವಾದ್ರಾತ್, ಸತತ ಮೂರು ಸೋಲಾದ ಮೇಲೆ ಜನವರಿಯಲ್ಲಿ ಹೊರನಡೆದರು. ತಂಡ ಆ ವರ್ಷ ಪ್ಲೇಆಫ್ ತಲುಪಲಿಲ್ಲ. ಮೇ ತಿಂಗಳಲ್ಲಿ ಮಾಲ್ಡೀವ್ಸ್‌ನಲ್ಲಿ ತಂಡದವರು ಕೋವಿಡ್ ನಿಯಮ ಮುರಿದಾಗ ಬಹಿರಂಗವಾಗಿ ಕ್ಷಮೆ ಕೇಳಿದ್ದು ಸ್ವತಃ ಯಜಮಾನ ಪಾರ್ಥ್ ಜಿಂದಾಲ್. ಎಚ್‌ಎಎಲ್‌ನಲ್ಲಾಗಿದ್ದರೆ ಕಾರಣ ಕೇಳಿ ನೋಟಿಸ್ ಹೋಗುತ್ತಿತ್ತು, ಅಷ್ಟೆ.

ಯಜಮಾನನ ಕೊನೆಯ ಅಸ್ತ್ರ ಥೈಲಿ. ಲೀಗ್‌ನ ಭವಿಷ್ಯವೇ ಅತಂತ್ರವಾದ 2025ರ ಆಗಸ್ಟ್‌ನಲ್ಲಿ ಕ್ಲಬ್ ಮೊದಲ ತಂಡದ ಆಟಗಾರರ ಹಾಗೂ ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ತಡೆಹಿಡಿಯಿತು. ಕಿರಿಯರ ತಂಡಗಳನ್ನೂ ಮಕ್ಕಳ ಫುಟ್‌ಬಾಲ್ ಶಾಲೆಗಳನ್ನೂ ಮಾತ್ರ ಮುಟ್ಟಲಿಲ್ಲ.