ನೇಮಕಾತಿದಾರರನ್ನು ಸಂಪರ್ಕಿಸುವ ರೀತಿ

ಬೆಂಗಳೂರಿನ ಖಾಸಗಿ ಕಂಪನಿಗಳಲ್ಲಿ ಅರ್ಜಿಯನ್ನು ಮೊದಲು ನೋಡುವವರು ಸಾಮಾನ್ಯವಾಗಿ ಎಚ್‌ಆರ್ ವಿಭಾಗದವರು, ಇಲ್ಲವೇ ಕಂಪನಿಯ ಪರವಾಗಿ ಅಭ್ಯರ್ಥಿಗಳನ್ನು ಹುಡುಕುವ ಕನ್ಸಲ್ಟೆನ್ಸಿಯವರು. ಇಮೇಲ್‌ನ ವಿಷಯದ ಸಾಲಿನಲ್ಲಿ ಹುದ್ದೆಯ ಹೆಸರು, ಜಾಬ್ ಐಡಿ ಇರಬೇಕು. ಒಳಗೆ ಅನುಭವ, ಕೌಶಲ, ನೋಟಿಸ್ ಅವಧಿಯನ್ನು ನಾಲ್ಕೈದು ಸಾಲಿನಲ್ಲಿ ಹೇಳಿ, ರೆಸ್ಯೂಮೆಯ ಪಿಡಿಎಫ್ ಲಗತ್ತಿಸಿದರೆ ಸಾಕು.

ಒಂದೇ ಹುದ್ದೆಗೆ ಎರಡು ಕನ್ಸಲ್ಟೆನ್ಸಿಗಳ ಮೂಲಕ ಅರ್ಜಿ ಹೋದರೆ ಕಮಿಷನ್ ಯಾರಿಗೆ ಎಂಬ ತಕರಾರು ಎದ್ದು, ಅಭ್ಯರ್ಥಿಯನ್ನೇ ಕೈಬಿಡುವುದುಂಟು. ಉತ್ತರ ಬಾರದಿದ್ದರೆ ವಾರದ ನಂತರ, ಕಚೇರಿಯ ವೇಳೆಯಲ್ಲಿ, ಒಮ್ಮೆ ವಿಚಾರಿಸಬಹುದು. ದಿನವೂ ವಾಟ್ಸ್‌ಆ್ಯಪ್ ಸಂದೇಶ ಕಳಿಸುವುದು ಸಲ್ಲದು. ಬೇರೆ ಕಡೆ ಆಫರ್ ಒಪ್ಪಿಕೊಂಡವರು ಉಳಿದವರಿಗೆ ತಕ್ಷಣ ತಿಳಿಸಬೇಕು. ಕನ್ಸಲ್ಟೆನ್ಸಿಯ ಶುಲ್ಕವನ್ನು ಸಾಮಾನ್ಯವಾಗಿ ಕಂಪನಿಯೇ ಭರಿಸುವುದರಿಂದ, ಕೆಲಸ ಕೊಡಿಸಲು ಮುಂಗಡ ಹಣ ಕೇಳುವವರಿಂದ ದೂರವಿರುವುದೇ ಸರಿ.