ಒಂದು ಪೈ ತಪ್ಪಿದ ಲೆಕ್ಕ

ದೇವಗಿರಿಯ ಕೋಟೆಯಲ್ಲಿ ಒಬ್ಬ ಹುಡುಗ ರಾತ್ರಿಯಿಡೀ ದೀಪದ ಮುಂದೆ ಕೂತು ಲೆಕ್ಕದ ಕಾಗದ ತಿರುವುತ್ತಿದ್ದ. ಎಷ್ಟು ಸಲ ಕೂಡಿಸಿದರೂ ಒಂದು ಪೈ ತಾಳೆಯಾಗುತ್ತಿರಲಿಲ್ಲ. ಊಟದ ಹೊತ್ತು ಮೀರಿ, ನಡುರಾತ್ರಿಯೂ ಕಳೆದ ಮೇಲೆ ತಪ್ಪು ಸಿಕ್ಕಿತು. ಎದುರಿಗೆ ಯಾರೂ ಇಲ್ಲದಿದ್ದರೂ ಹುಡುಗ ಚಪ್ಪಾಳೆ ತಟ್ಟಿ ಕುಣಿದ. ಸದ್ದಿಗೆ ಎದ್ದು ಬಂದ ಗುರು ಜನಾರ್ದನಸ್ವಾಮಿ ಏನೆಂದು ವಿಚಾರಿಸಿದರು. ಒಂದು ಪೈ ಸಿಕ್ಕಿದ್ದಕ್ಕೇ ಇಷ್ಟು ಸಂತೋಷವಾದರೆ, ಬದುಕಿನ ಲೆಕ್ಕದಲ್ಲಿ ಬಿದ್ದ ತಪ್ಪು ಸಿಕ್ಕ ದಿನ ನಿನಗೆ ಎಂಥ ಸಂತೋಷವಾದೀತು ಎಂದು ಕೇಳಿದರಂತೆ.

ಆ ಹುಡುಗನೇ ಪೈಠಣದ ಏಕನಾಥ. ಹುಟ್ಟಿದ್ದು ಸುಮಾರು 1533ರಲ್ಲಿ. ಎಳವೆಯಲ್ಲೇ ತಂದೆತಾಯಿಯನ್ನು ಕಳೆದುಕೊಂಡು ಅಜ್ಜ ಚಕ್ರಪಾಣಿಯ ಆಸರೆಯಲ್ಲಿ ಬೆಳೆದವನು, ಹನ್ನೆರಡರ ವಯಸ್ಸಿಗೆ ಗುರುವನ್ನು ಅರಸಿ ದೇವಗಿರಿಗೆ ಬಂದ. ಜನಾರ್ದನಸ್ವಾಮಿ ಆ ಕೋಟೆಯ ಅಧಿಕಾರಿ, ದತ್ತಾತ್ರೇಯನ ಉಪಾಸಕ. ಗೋದಾವರಿ ದಂಡೆಯ ಪೈಠಣ, ಇವತ್ತು ದೌಲತಾಬಾದ್ ಎನಿಸಿಕೊಳ್ಳುವ ದೇವಗಿರಿ, ಎರಡೂ ಈಗ ಛತ್ರಪತಿ ಸಂಭಾಜಿನಗರ ಜಿಲ್ಲೆಯಲ್ಲಿವೆ.

ಪೈಯ ಕತೆಯನ್ನು ಸಾಮಾನ್ಯವಾಗಿ ವೈರಾಗ್ಯದ ಕತೆಯಾಗಿ ಹೇಳುತ್ತಾರೆ: ಅಂದಿನಿಂದ ಹುಡುಗನ ಮನಸ್ಸು ಹಣದ ಲೆಕ್ಕ ಬಿಟ್ಟು ದೇವರ ಕಡೆ ತಿರುಗಿತು ಎಂದು. ನನಗೆ ಅದು ಅಷ್ಟಕ್ಕೇ ಮುಗಿದ ಹಾಗೆ ಕಾಣುವುದಿಲ್ಲ. ಲೆಕ್ಕ ನೋಡುವ ಕಣ್ಣು ಅವನಲ್ಲಿ ಹಾಗೇ ಉಳಿಯಿತು. ಮುಂದೆ ಐವತ್ತು ದಾಟಿದಾಗ ಅದೇ ಕಣ್ಣಿನಿಂದ ಏಕನಾಥರು ಒಂದು ಗ್ರಂಥವನ್ನೇ ಹುಡುಕಿ ತೆಗೆದರು.

ಆ ಗ್ರಂಥ ಹುಟ್ಟಿದ ಬಗೆಯನ್ನು ಹೇಳಲು ಗೋದಾವರಿಯ ಗುಂಟ ಮೇಲಕ್ಕೆ, ನಾಸಿಕ್ ಜಿಲ್ಲೆಯ ತ್ರ್ಯಂಬಕೇಶ್ವರಕ್ಕೆ ಹೋಗಬೇಕು. ನದಿ ಹುಟ್ಟುವ ಬ್ರಹ್ಮಗಿರಿಯ ಕಾಡಿನಲ್ಲಿ, 13ನೆಯ ಶತಮಾನದಲ್ಲಿ, ಒಂದು ಬಹಿಷ್ಕೃತ ಕುಟುಂಬ ಪ್ರದಕ್ಷಿಣೆ ಹೊರಟಿತ್ತು. ತಂದೆ ಸಂನ್ಯಾಸ ತೊಟ್ಟು ಮರಳಿ ಸಂಸಾರಕ್ಕೆ ಬಂದವನೆಂದು ಊರು ಅವರನ್ನು ಹೊರಗಿಟ್ಟಿತ್ತು. ಹುಲಿ ಎದುರಾಗಿ ಎಲ್ಲರೂ ದಿಕ್ಕಾಪಾಲಾದಾಗ, ಹಿರಿಯ ಮಗ ನಿವೃತ್ತಿ ದಾರಿ ತಪ್ಪಿ ಒಂದು ಗವಿ ಹೊಕ್ಕ. ಒಳಗೆ ನಾಥಪಂಥದ ಗಹಿನೀನಾಥರು ಕೂತಿದ್ದರು. ದೀಕ್ಷೆ ಪಡೆದು ಹೊರಬಂದ ನಿವೃತ್ತಿ ತಮ್ಮನಿಗೆ ಗುರುವಾದ. ಆ ತಮ್ಮನೇ ಜ್ಞಾನೇಶ್ವರ. ನಿವೃತ್ತಿನಾಥರ ಸಮಾಧಿ ತ್ರ್ಯಂಬಕೇಶ್ವರದಲ್ಲೇ ಇದೆ. ಪುಷ್ಯ ಬಹುಳ ಏಕಾದಶಿಗೆ ವಿಠ್ಠಲನ ಭಕ್ತರಾದ ವಾರಕರಿಗಳು ಅಲ್ಲಿಗೆ ನಡೆದು ಬರುತ್ತಾರೆ.

ತಂದೆತಾಯಿ ತೀರಿದ ಮೇಲೆ ಈ ಮಕ್ಕಳು ಶುದ್ಧಿಪತ್ರ ಬೇಡಲು ಹೋದದ್ದು ಪೈಠಣದ ಪಂಡಿತರ ಬಳಿಗೆ. ತಾವು ಶುದ್ಧರು ಎಂದು ಬೇರೆಯವರಿಂದ ಬರೆಸಿಕೊಳ್ಳಬೇಕಾದ ಅವಮಾನವನ್ನು ಉಂಡ ಜ್ಞಾನೇಶ್ವರ, ಅದರ ಬೆನ್ನಿಗೇ ನೇವಾಸೆಯಲ್ಲಿ ಒಂದು ಕಂಬಕ್ಕೆ ಒರಗಿ ಕೂತು ಭಗವದ್ಗೀತೆಯನ್ನು ಮರಾಠಿಯಲ್ಲಿ ಬಿಡಿಸಿ ಹೇಳಿದ. ಸಚ್ಚಿದಾನಂದ ಬಾಬಾ ಬರೆದುಕೊಂಡರು. ಶಕೆ 1212, ಅಂದರೆ 1290. ಗೀತೆಯ 700 ಶ್ಲೋಕಗಳಿಗೆ 9,000ದಷ್ಟು ಓವಿ ಎಂಬ ಪದ್ಯಗಳು; ಜ್ಞಾನೇಶ್ವರಿ ಎನ್ನುವುದು ಇದನ್ನೇ. ಹೇಳಿದವನ ವಯಸ್ಸು, ವಾರಕರಿಗಳ ಲೆಕ್ಕದಲ್ಲಿ, ಹದಿನೈದು. ಅದರಲ್ಲಿ ಎಲ್ಲಿಯೂ ಕಹಿಯಿಲ್ಲ. ಕೊನೆಯಲ್ಲಿ ಅವನು ಬೇಡುವ ಪ್ರಸಾದವೂ ಲೋಕಕ್ಕೆಲ್ಲ, ದುಷ್ಟರ ದುಷ್ಟತನ ಹೋಗಲಿ ಎಂದು. ಊರು ಹೊರಗಿಟ್ಟ ಹುಡುಗ ಇಷ್ಟು ದೊಡ್ಡ ಮನಸ್ಸನ್ನು ಎಲ್ಲಿಂದ ತಂದ ಎಂದು ನೆನೆದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ. 1296ರಲ್ಲಿ ಅವನು ಆಳಂದಿಯಲ್ಲಿ ಜೀವಂತ ಸಮಾಧಿ ಹೊಕ್ಕ.

ಆಮೇಲಿನ ಮುನ್ನೂರು ವರ್ಷ ಆ ನಾಡಿಗೆ ನೆಮ್ಮದಿಯದಲ್ಲ. ದೇವಗಿರಿಯ ಯಾದವರು ಹೋದರು. ದಿಲ್ಲಿಯ ತುಘಲಕ್ ಬಂದ, ಬಹಮನಿಗಳು ಬಂದರು, ನಿಜಾಮಶಾಹಿ ಬಂತು. ಆಡುವ ಮರಾಠಿಯೇ ಬದಲಾಯಿತು. ಆದರೂ ಜ್ಞಾನೇಶ್ವರಿಯನ್ನು ಜನ ಬಿಡಲಿಲ್ಲ, ನಕಲು ಮಾಡುತ್ತಲೇ ಹೋದರು. ಕೆಟ್ಟದ್ದು ಆ ಪ್ರೀತಿಯಿಂದಲೇ. ನಕಲುಗಾರನ ಕಣ್ಣು ಒಂದು ಸಾಲು ಹಾರುತ್ತದೆ. ಅರ್ಥವಾಗದ ಹಳೆಯ ಮಾತಿನ ಜಾಗದಲ್ಲಿ ತಿಳಿದ ಹೊಸ ಮಾತು ಕೂರುತ್ತದೆ. ಅಂಚಿನಲ್ಲಿ ಬರೆದಿಟ್ಟ ಟಿಪ್ಪಣಿ ಮುಂದಿನ ಪ್ರತಿಯಲ್ಲಿ ಮೂಲದೊಳಗೇ ಇಳಿಯುತ್ತದೆ. ಭಕ್ತಿ ಉಕ್ಕಿದವನು ತನ್ನದೊಂದು ಓವಿ ಸೇರಿಸುತ್ತಾನೆ. ನಮ್ಮಲ್ಲಿ ಫ.ಗು. ಹಳಕಟ್ಟಿಯವರು ಮನೆಮನೆಯ ತಾಡೋಲೆ ಕೂಡಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ ತಂದರಲ್ಲ, ಅವರ ಮುಂದಿದ್ದ ತೊಡಕೂ ಇದೇ ಜಾತಿಯದು.

ಏಕನಾಥರಿಗೆ ಈ ಕೆಲಸ ಬಂದದ್ದು ಒಂದು ಗಂಟಲುನೋವಿನಿಂದ ಎನ್ನುತ್ತದೆ ಪರಂಪರೆ. ಯಾವ ಔಷಧಕ್ಕೂ ಬಗ್ಗದ ನೋವು. ಒಂದು ರಾತ್ರಿ ಕನಸಿನಲ್ಲಿ ಜ್ಞಾನೇಶ್ವರರು ಬಂದರು: ಅಜಾನವೃಕ್ಷದ ಬೇರು ನನ್ನ ಕೊರಳಿಗೆ ಸುತ್ತಿದೆ, ಆಳಂದಿಗೆ ಬಂದು ಬಿಡಿಸು. ಏಕನಾಥರು ಹೋದರು. ಸಮಾಧಿಯ ಜಾಗ ಗಿಡಗಂಟಿಯಲ್ಲಿ ಮುಚ್ಚಿಹೋಗಿತ್ತು. ಹುಡುಕಿ, ತೆರೆದು, ಬೇರು ಬಿಡಿಸಿದರು. ಅಲ್ಲಿಯೇ ಗ್ರಂಥ ತಿದ್ದುವ ಆಜ್ಞೆಯೂ ಆಯಿತು.

ಕನಸನ್ನು ನಂಬುವುದು ಬಿಡುವುದು ಓದುವವರಿಗೆ ಬಿಟ್ಟದ್ದು. ಆದರೆ ಗ್ರಂಥ ಸಂಪಾದನೆ ಎಂದರೇನೆಂದು ಇದಕ್ಕಿಂತ ಚೆನ್ನಾಗಿ ಹೇಳುವ ಕತೆ ನನಗೆ ಗೊತ್ತಿಲ್ಲ. ನುಡಿ ಹೊರಡುವ ಕೊರಳಿಗೇ ಬೇರು ಸುತ್ತಿದೆ. ಆ ಬೇರಾದರೂ ಸಮಾಧಿಗೆ ನೆರಳು ಕೊಟ್ಟ ಮರದ್ದೇ. ಕವಿಯ ಕೊರಳು ಬಿಗಿದರೆ ನೋಯುವುದು ಓದುಗನ ಗಂಟಲು.

ಪೈಠಣಕ್ಕೆ ಮರಳಿದ ಏಕನಾಥರು ಸಿಕ್ಕ ಪ್ರತಿಗಳನ್ನು ಕೂಡಿಸಿ, ಓವಿಗೆ ಓವಿ ಹೋಲಿಸಿದರು. ಓವಿಯ ಮೊದಲ ಮೂರು ಚರಣಗಳಿಗೆ ಅಂತ್ಯಪ್ರಾಸ, ನಾಲ್ಕನೆಯದು ಗಿಡ್ಡ. ಚರಣದ ಕೊನೆಯ ಮಾತನ್ನು ಯಾರಾದರೂ ಬದಲಿಸಿದ್ದರೆ ನಾದ ಮುರಿದು ಕಳ್ಳ ಸಿಕ್ಕಿಬೀಳುತ್ತಾನೆ. ನಡುವಿನ ಮಾತು ಬದಲಾಗಿದ್ದರೆ ಮಾತ್ರ ಕಷ್ಟ. ಅಲ್ಲಿ ಅರ್ಥ ಹಿಡಿದೇ ನಡೆಯಬೇಕು. ಆ ಹೊತ್ತಿಗೆ ಅವರು ಹೊಸಬರಲ್ಲ. ತ್ರ್ಯಂಬಕೇಶ್ವರದ ಯಾತ್ರೆಯಲ್ಲಿ ಗುರುವಿನ ಅಪ್ಪಣೆಯಂತೆ ಚತುಃಶ್ಲೋಕಿ ಭಾಗವತಕ್ಕೆ ಬರೆದ ಟೀಕೆ ಅವರ ಮೊದಲ ಕೃತಿ ಎನ್ನುತ್ತಾರೆ. 1573ರಲ್ಲಿ ಕಾಶಿಯಲ್ಲಿ ಮುಗಿಸಿದ ಏಕನಾಥೀ ಭಾಗವತವೇ ಹದಿನೆಂಟು ಸಾವಿರ ಓವಿ ಮೀರಿದ್ದು. ಹಾಗೆ ಬರೆಯಬಲ್ಲವರು ಇನ್ನೊಬ್ಬರ ಗ್ರಂಥದೊಳಗೆ ಕೂತು ತಮ್ಮದೊಂದು ಓವಿಯನ್ನೂ ಸೇರಿಸದೆ ಎದ್ದು ಬಂದರು. ಮುಂದೆ ಯಾರೂ ಸೇರಿಸಬಾರದೆಂದು ಕೊನೆಗೆ ಎಚ್ಚರಿಕೆಯನ್ನೂ ಬರೆದಿಟ್ಟರು. ದೇವಗಿರಿಯ ರಾತ್ರಿ ಗುರು ಕೇಳಿದ ಪ್ರಶ್ನೆಗೆ ಉತ್ತರ ನನಗೆ ಕಾಣುವುದು ಈ ಸಂಯಮದಲ್ಲಿ.

ಕನ್ನಡಿಗರಾದ ನಮಗೆ ಏಕನಾಥರ ಮನೆತನ ಹೊರಗಿನದಲ್ಲ. ಅವರ ಮುತ್ತಜ್ಜ ಭಾನುದಾಸರು. ಕೃಷ್ಣದೇವರಾಯ ಹಂಪಿಗೆ ಒಯ್ದಿದ್ದ ವಿಠ್ಠಲನ ಮೂರ್ತಿಯನ್ನು ಪಂಢರಪುರಕ್ಕೆ ಮರಳಿ ತಂದವರು ಅವರೇ ಎಂಬುದು ವಾರಕರಿಗಳ ನಂಬಿಕೆ. ಮುತ್ತಜ್ಜ ದೇವರನ್ನು ಮನೆಗೆ ತಂದ, ಮರಿಮಗ ಗ್ರಂಥವನ್ನು ತಂದ. ಜಮಖಂಡಿಯಲ್ಲಿ ಹುಟ್ಟಿ ನಿಂಬಾಳದಲ್ಲಿ ನೆಲೆಸಿದ ಗುರುದೇವ ರಾನಡೆಯವರು ಮಹಾರಾಷ್ಟ್ರದ ಅನುಭಾವದ ಬಗ್ಗೆ 1933ರಲ್ಲಿ ಹೊರತಂದ ದೊಡ್ಡ ಪುಸ್ತಕದಲ್ಲಿ ಜ್ಞಾನೇಶ್ವರ, ಏಕನಾಥ ಇಬ್ಬರೂ ಇದ್ದಾರೆ.

ಜ್ಞಾನೇಶ್ವರಿಯ ಕತೆ ಏಕನಾಥರಿಗೇ ನಿಲ್ಲಲಿಲ್ಲ. ಇತಿಹಾಸಕಾರ ವಿ.ಕಾ. ರಾಜವಾಡೆಯವರಿಗೆ ಬೀಡ್ ಕಡೆಯಲ್ಲಿ ಅದರ ಇನ್ನೊಂದು ಪ್ರತಿ ದೊರೆಯಿತು. ಇದು ಏಕನಾಥರಿಗಿಂತ ಹಿಂದಿನದು, ಇದರ ಮರಾಠಿ ಇನ್ನೂ ಹಳೆಯದು ಎಂದು ವಾದಿಸಿ ಅವರು 1909ರಲ್ಲಿ ಅಚ್ಚು ಹಾಕಿಸಿದರು. ಅವರ ಮಾತು ನಿಜವಾದರೆ, ತಿದ್ದಲು ಹೋದ ಏಕನಾಥರ ಕೈಯಲ್ಲೂ ಹಳೆಯ ನುಡಿ ಅಷ್ಟಿಷ್ಟು ಸವೆದಿದೆ. ಎಲ್ಲ ವಿದ್ವಾಂಸರೂ ಇದನ್ನು ಒಪ್ಪಲಿಲ್ಲ. ರಾಜವಾಡೆಯವರು ಕಂಡ ಹಸ್ತಪ್ರತಿ ಆಮೇಲೆ ಕಳೆದೇಹೋಯಿತು, ನಮಗೆ ಉಳಿದದ್ದು ಅಚ್ಚಾದ ಪುಟಗಳಷ್ಟೇ. ಜ್ಞಾನೇಶ್ವರರ ಕಾಲದ ಮೂಲಪ್ರತಿಯಂತೂ ಯಾರ ಕೈಗೂ ಸಿಕ್ಕಿಲ್ಲ. ಲೆಕ್ಕದಲ್ಲಿ ಒಂದು ಪೈ ಇನ್ನೂ ಬಾಕಿಯಿದೆ.

ಏಕನಾಥರು ಕೆಲಸ ಮುಗಿಸಿದ್ದು ಶಕೆ 1506, ತಾರಣ ಸಂವತ್ಸರ, ಭಾದ್ರಪದದ ಕಪಿಲಾಷಷ್ಠಿಯಂದು, ಅಂದರೆ 1584ರಲ್ಲಿ. ನೇವಾಸೆಯ ಕಂಬದ ಬುಡದಲ್ಲಿ ಕೊನೆಯ ಓವಿ ಹೇಳಿದ ದಿನವನ್ನು ಜನ ಗುರುತಿಟ್ಟುಕೊಂಡಿಲ್ಲ. ಮಹಾರಾಷ್ಟ್ರದಲ್ಲಿ ಇವತ್ತಿಗೂ ಜ್ಞಾನೇಶ್ವರಿ ಜಯಂತಿ ಆಚರಿಸುವುದು ಭಾದ್ರಪದ ಬಹುಳ ಷಷ್ಠಿಯಂದು, ಪೈಠಣದಲ್ಲಿ ಆ ಗ್ರಂಥ ಮತ್ತೆ ಸಿಕ್ಕಿದ ದಿನ.